ಭೀಮು ಮಾಸ್ತರನ ಬಾಯಿ

ಪುಣೆಯ ಕೊಂಢವಾದ ಗುಡ್ಡದ ಕೆಳಗಿನ ಓಣಿಗಳಲ್ಲಿ ಬಹಳ ವರ್ಷ ಮದುವೆಯೆಂದರೆ ಭೀಮು ಮಾಸ್ತರನ ಕ್ಲಾರಿನೆಟ್ ಇರಲೇಬೇಕಿತ್ತು. ವರ ಕುದುರೆ ಹತ್ತುವ ಮೊದಲೇ ಬ್ಯಾಂಡಿನವರು ಗಲ್ಲಿಯ ತಿರುವಿನಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಮೈಮೇಲೆ ಕೆಂಪು ಕೋಟು, ಭುಜಕ್ಕೆ ಹಳದಿ ಜರಿ, ಕಾಲಲ್ಲಿ ಮಾತ್ರ ದಿನದ ರಬ್ಬರ್ ಚಪ್ಪಲಿ. ಬ್ಯಾಂಡಿನಲ್ಲಿ ಹಾಡಿನ ಮುಖ್ಯ ಧಾಟಿ ನುಡಿಸುವವನಿಗೆ ಮಾಸ್ತರ ಎನ್ನುತ್ತಾರೆ. ಭೀಮು ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಆದರೂ ಮರಾಠಿಯವರು, ಕನ್ನಡದವರು, ಮುಸಲ್ಮಾನರು ಎಲ್ಲರೂ ಅವನನ್ನು ಮಾಸ್ತರ ಎಂದೇ ಕರೆದರು. ಹಗಲು ಕಟ್ಟಡಗಳಲ್ಲಿ ಗೋಡೆಗೆ ಪ್ಲಾಸ್ಟರ್ ಮೆತ್ತುವ ಕೆಲಸ. ಲಗ್ನದ ಸುಗ್ಗಿ ಬಂತೆಂದರೆ ಕೈಗೆ ಅಂಟಿದ ಸಿಮೆಂಟನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಕೋಟು ಹಾಕಿಕೊಂಡು ಹೊರಡುತ್ತಿದ್ದ.

ಅವನು ಯಾದಗಿರಿ ಕಡೆಯವನು, ಶಹಾಪುರದ ಹತ್ತಿರದ ಒಂದು ಹಳ್ಳಿ. ಅಪ್ಪ ಭಜಂತ್ರಿ. ಮಕ್ಕಳಲ್ಲಿ ಯಾರಿಗೆ ವಾದ್ಯ ಕೊಡಬೇಕು ಎಂದು ನೋಡುವಾಗ ಆ ಮುದುಕ ಯಾರ ಹಾಡನ್ನೂ ಕೇಳಲಿಲ್ಲ. ಒಬ್ಬೊಬ್ಬರದೂ ಬಾಯಿ ತೆರೆಸಿ, ಎತ್ತಿನ ವಯಸ್ಸು ನೋಡುವಂತೆ ನೋಡಿದ. "ಇಂವಂದು ತುಟಿ ತೆಳ್ಳಗವ, ಹಲ್ಲು ಸಾಲಾಗ್ಯಾವ. ಇಂವಾ ಊದ್ತಾನ" ಅಂದ. ಹೀಗೆ ಭೀಮುವಿನ ಪಾಲಿಗೆ ಊದುವ ಕೆಲಸ ಬಂತು. ಹರೆಯದಲ್ಲಿ ಸೊಲ್ಲಾಪುರದ ಒಂದು ಬ್ಯಾಂಡಿನಲ್ಲಿ ಕ್ಲಾರಿನೆಟ್ ಕಲಿತ. ಮದುವೆಯಾದ ಮೇಲೆ ಹೆಂಡತಿ ತಿಪ್ಪವ್ವನನ್ನು ಕರೆದುಕೊಂಡು ಪುಣೆಗೆ ಬಂದ. ಇಬ್ಬರೂ ಕಟ್ಟಡದ ಕೆಲಸಕ್ಕೆ ಬಿದ್ದರು. ಮಗ ದೇವಾನಂದ ಹುಟ್ಟಿದ್ದು ಇಲ್ಲೇ. ಈಗ ಅವನು ಟೈಲ್ಸ್ ಕೂಡಿಸುತ್ತಾನೆ. ಸೊಸೆ ಸಪ್ನಾ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ.

ಕ್ಲಾರಿನೆಟ್ ಊದುವುದು ಬರೀ ಉಸಿರಿನ ಕೆಲಸವಲ್ಲ. ವಾದ್ಯದ ಮೂತಿ ಕೊಕ್ಕಿನಂತೆ ಇರುತ್ತದೆ. ಮೇಲಿನ ಮುಂಭಾಗದ ಹಲ್ಲುಗಳು ಆ ಕೊಕ್ಕಿನ ಮೇಲೆ ಗಟ್ಟಿಯಾಗಿ ಊರಬೇಕು. ಕೆಳತುಟಿಯನ್ನು ಕೆಳಹಲ್ಲಿನ ಮೇಲೆ ಒಳಕ್ಕೆ ಮಡಚಿ, ಅದರ ಮೇಲೆ ರೀಡ್, ಅಂದರೆ ಉಸಿರಿಗೆ ಅದುರಿ ಸ್ವರ ಹುಟ್ಟಿಸುವ ತೆಳು ಪಟ್ಟಿಯನ್ನು, ಕೂಡಿಸಬೇಕು. ಹಲ್ಲಿನ ಆಧಾರ ಅಷ್ಟಿಷ್ಟು ಸಡಿಲಾದರೂ ಸ್ವರ ಕೀರಲಾಗುತ್ತದೆ. ಮಾಸ್ತರ ಇದನ್ನು ಎಂದೂ ಯೋಚಿಸಿರಲಿಲ್ಲ. ಕಾಲಿದ್ದವನು ನಡೆಯುವ ಹಾಗೆ ಅವನು ಊದುತ್ತಿದ್ದ.

ಊರಲ್ಲಿದ್ದಾಗ ಅವನು ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದ. ಪುಣೆಯಲ್ಲಿ ಕಲಿತದ್ದು ಮಿಶ್ರಿ, ಅಂದರೆ ತಂಬಾಕನ್ನು ತವೆಯ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಸೈಟಿನಲ್ಲಿ ಹೆಂಗಸರು, ಗಂಡಸರು ಎಲ್ಲರೂ ಬೆಳಿಗ್ಗೆ ಎದ್ದು ಅದನ್ನೇ ಬೆರಳಿನಿಂದ ಹಲ್ಲಿಗೆ ತಿಕ್ಕಿಕೊಂಡು, ಗೋಡೆಗೆ ಒರಗಿ ಕೂತುಬಿಡುತ್ತಿದ್ದರು. ಅದು ಬಾಯಿಗೆ ಜೋಮು ಹಿಡಿಸಿ ನೋವು ಮರೆಸುತ್ತಿತ್ತು, ಹೊಟ್ಟೆಯನ್ನು ಸಾಫು ಮಾಡುತ್ತಿತ್ತು, ತಲೆಗೆ ಒಂದು ಹುರುಪು ಕೊಡುತ್ತಿತ್ತು. ತಿಪ್ಪವ್ವನೂ ಹಚ್ಚುತ್ತಿದ್ದಳು. ಮನೆಯಲ್ಲಿ ಒಂದೇ ಡಬ್ಬಿ, ಇಬ್ಬರದೂ ಅದರಲ್ಲೇ.

ಐವತ್ತು ದಾಟಿದ ಮೇಲೆ ಒಸಡಿನಿಂದ ರಕ್ತ ಬರತೊಡಗಿತು. ಮೊದಲು ತಿಕ್ಕುವಾಗ ಬರುತ್ತಿತ್ತು, ಆಮೇಲೆ ಊದುವಾಗಲೂ ಬಂತು. ರೀಡ್ ಬಿಚ್ಚಿ ಒರೆಸಿದರೆ ಅರಿವೆ ಕೆಂಪಗಾಗುತ್ತಿತ್ತು. ಅದೇ ಸುಮಾರಿಗೆ ಯಾವುದೋ ಶಿಬಿರದಲ್ಲಿ ಬೆರಳು ಚುಚ್ಚಿ, ಸಕ್ಕರೆ ಕಾಯಿಲೆ ಇದೆಯೆಂದು ಹೇಳಿ ಗುಳಿಗೆ ಕೊಟ್ಟರು. ಮೈ ಹಗುರ ಅನಿಸಿದ ದಿನ ಅವನು ಗುಳಿಗೆ ನುಂಗುತ್ತಿರಲಿಲ್ಲ.

"ಬಾಯಿ ಒಮ್ಮಿ ತೋರಿಸ್ಕೊಂಡು ಬಾ" ಎಂದು ತಿಪ್ಪವ್ವ ಹೇಳುತ್ತಿದ್ದಳು.

"ತೋರಸ್ಲಾಕ ಹ್ವಾದ್ರ ಕೀಳ್ತಾರ. ಮ್ಯಾಲಿನ ಹಲ್ಲು ಕಿತ್ತಿದ್ರ ಕಣ್ಣಿನ ನರ ಹೋಗ್ತದ. ನಮ್ಮ ಕಾಕಾಂದು ಹಂಗೇ ಆಗಿತ್ತಲ್ಲ?"

"ಕೀಳೂದು ಬ್ಯಾಡ ಅಂದ್ರ ತೊಳಸ್ಕೊಂಡರೆ ಬಾ."

"ತೊಳದ್ರ ಹಲ್ಲು ಸಡ್ಲ ಆಗ್ತಾವಂತ. ಇದ್ದದ್ದು ಇರ್ಲಿ ಬಿಡು."

ಅವನ ಮಾತು ಅವನೊಬ್ಬನದಲ್ಲ, ಓಣಿಯ ಎಲ್ಲರದೂ ಅದೇ. ಹಲ್ಲು ಜುಮ್ಮೆಂದರೆ ಲವಂಗದ ಎಣ್ಣೆ, ಒಸಡು ಬಾತರೆ ಪೇರಲ ಎಲೆ ಕುದಿಸಿದ ನೀರು, ಬಾಯಿ ವಾಸನೆ ಬಂದರೆ ಪಟಿಕದ ನೀರು. ಹಿಂದಿನ ಹಲ್ಲೊಂದು ಕಟಕ ರೊಟ್ಟಿ ಕಡಿಯುವಾಗ ತಾನಾಗಿಯೇ ಕಳಚಿ ಬಂತು. ನೋವಿಲ್ಲದೆ ಹೋಯಿತಲ್ಲ ಎಂದು ಮಾಸ್ತರ ನಕ್ಕು, ಅದನ್ನು ತಗಡಿನ ಮೇಲೆ ಎಸೆದ. ವಯಸ್ಸಾಗುತ್ತಾ ಬಂದರೆ ಕೂದಲು ಹಣ್ಣಾಗುತ್ತದೆ, ಹಲ್ಲು ಬೀಳುತ್ತವೆ. ಇದರಲ್ಲಿ ಕೇಳುವುದು ಏನಿದೆ?

ಆಮೇಲೆ ಮುಂದಿನ ಹಲ್ಲುಗಳು ಅಲುಗಾಡತೊಡಗಿದವು. ಆಗ ಮಾತ್ರ ಅವನಿಗೆ ಹೆದರಿಕೆಯಾಯಿತು. ಆದರೆ ಯಾರಿಗೂ ಹೇಳಲಿಲ್ಲ. ಎಲ್ಲಕ್ಕಿಂತ ಸಡಿಲಾಗಿದ್ದ ಒಂದು ಹಲ್ಲನ್ನು ಗಾಳದ ತೆಳು ದಾರದಿಂದ ಪಕ್ಕದ ಹಲ್ಲಿಗೆ ಬಿಗಿದುಕೊಂಡ. ಕನ್ನಡಿಯ ಮುಂದೆ ಕೂತು, ನಾಲಗೆಯಿಂದ ಗಂಟನ್ನು ಒಳಕ್ಕೆ ತಳ್ಳಿ, ತುಟಿ ಮುಚ್ಚಿ ನೋಡಿದ. ಕಾಣುತ್ತಿರಲಿಲ್ಲ. ಹೀಗೆ ದಾರ ಬಿಗಿದುಕೊಂಡೇ ಒಂದು ಸುಗ್ಗಿ ಕಳೆಯಿತು.

ಪುಣೆಯ ಹತ್ತಿರದ ಸಾಸವಡದಲ್ಲಿ ಆದ ಮದುವೆ ಮುಂದಿನ ಬೇಸಿಗೆಯದು. ಮಂಟಪ ಊರ ಹೊರಗೆ, ಬಿಸಿಲು ನೆತ್ತಿಯ ಮೇಲೆ. ವರನ ಕಡೆಯವರು ಕುಣಿಯುತ್ತಿದ್ದರು. ಮಾಸ್ತರ ಧಾಟಿಯನ್ನು ಮೇಲಕ್ಕೆ ಎಳೆಯುತ್ತಿದ್ದಂತೆ ದಾರ ಹರಿಯಿತು. ಹಲ್ಲು ಬುಡಸಮೇತ ಕಿತ್ತು ನಾಲಗೆಯ ಮೇಲೆ ಬಿತ್ತು. ಕ್ಲಾರಿನೆಟ್ ಕತ್ತು ಹಿಸುಕಿದ ಕೋಳಿಯಂತೆ ಕಿರುಚಿತು. ಡೋಲಿನ ಅವ್ವಣ್ಣ, ಇಪ್ಪತ್ತು ಇಪ್ಪತ್ತೈದು ವರ್ಷದ ಜೊತೆಗಾರ, ತಿರುಗಿ ನೋಡಿದವನೇ ಆ ಸದ್ದನ್ನು ಮುಚ್ಚಲು ಜೋರಾಗಿ ಬಾರಿಸತೊಡಗಿದ. ಮಾಸ್ತರ ಬಾಯೊಳಗಿನದನ್ನು ಅಂಗೈಗೆ ಉಗುಳಿಕೊಂಡು, ಕೋಟಿನ ಜೇಬಿಗೆ ಹಾಕಿ, ಮತ್ತೆ ಊದಿದ. ಗಾಳಿಯಷ್ಟೇ ಬಂತು. ಗಲ್ಲದ ಮೇಲಿಂದ ರಕ್ತ ಇಳಿದು ಕೊರಳಪಟ್ಟಿಗೆ ಹತ್ತಿತು.

ವರನ ಸೋದರಮಾವ ಒಳ್ಳೆಯವನು. ಹತ್ತಿರ ಬಂದು, ಮಾಸ್ತರನ ಕೈಹಿಡಿದು ನೆರಳಿಗೆ ಕರೆದೊಯ್ದು, "ಮಾಸ್ತರ, ತುಮ್ಹಿ ಬಸಾ ಆತಾ" ಅಂದ. ಕೂತುಬಿಡಿ ಇನ್ನು. ತಾನೇ ನೀರು ತಂದುಕೊಟ್ಟ. ಅಷ್ಟರಲ್ಲಿ ಯಾರೋ ಟೆಂಪೋದ ಮೇಲಿನ ದೊಡ್ಡ ಸ್ಪೀಕರ್ ಹಚ್ಚಿದರು. ಕುಣಿತ ಒಂದು ಗಳಿಗೆಯೂ ನಿಲ್ಲಲಿಲ್ಲ.

ವಿಷಯ ತಿಳಿದ ದೇವಾನಂದ ಅಪ್ಪನ ಮಾತು ಕೇಳದೆ ಅವನನ್ನು ಶಹರದ ಒಂದು ಹಲ್ಲಿನ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಸಾಲಾಗಿ ಕುರ್ಚಿಗಳು, ಪ್ರತಿ ಕುರ್ಚಿಯಲ್ಲೂ ಬಾಯಿ ತೆರೆದ ಒಬ್ಬೊಬ್ಬ ಮನುಷ್ಯ. ಅಪ್ಪ ಮಗ ತಮ್ಮೊಳಗೆ ಮಾತಾಡುವುದನ್ನು ಕೇಳಿ ಬಿಳಿಕೋಟಿನ ಹುಡುಗಿಯೊಬ್ಬಳು ಹತ್ತಿರ ಬಂದಳು. ಹೆಸರು ರಂಜಿನಿ, ತುಮಕೂರಿನ ಕಡೆಯವಳು. ಅಲ್ಲಿಯೇ ಓದು ಮುಗಿಸಿ ಕಡೆಯ ವರ್ಷದ ಕೆಲಸ ಕಲಿಯುತ್ತಿದ್ದಳು.

"ಅಯ್ಯೋ, ಕನ್ನಡದವರಾ ನೀವು? ಬನ್ನಿ ತಾತ, ಕೂತ್ಕೊಳ್ಳಿ. ಎಷ್ಟು ದಿನ ಆಯ್ತು ಕನ್ನಡ ಕೇಳಿ!"

ಅವಳು ಸಣ್ಣ ಕಡ್ಡಿಯಿಂದ ಹಲ್ಲಿಗೂ ಒಸಡಿಗೂ ನಡುವೆ ಮೆಲ್ಲಗೆ ಅಳೆಯುತ್ತ ಹೋದಳು. ಕಡ್ಡಿ ತಡೆಯೇ ಇಲ್ಲದೆ ಆಳಕ್ಕೆ ಇಳಿಯುತ್ತಿತ್ತು. ರಕ್ತ, ಸಕ್ಕರೆ, ಮಿಶ್ರಿ ಎಲ್ಲದರ ವಿಷಯ ಕೇಳಿಕೊಂಡಳು. ಎಕ್ಸ್‌ರೇ ತೆಗೆಸಿ, ದೀಪದ ಮುಂದೆ ಹಿಡಿದು, ಬಹಳ ಹೊತ್ತು ನೋಡಿದಳು.

"ಹಲ್ಲಲ್ಲಿ ಹುಳುಕು ಅಷ್ಟಿಲ್ಲ ತಾತ. ಹಲ್ಲನ್ನ ಹಿಡ್ಕೊಂಡಿರೋ ಮೂಳೆನೇ ಕರಗಿ ಹೋಗಿದೆ. ನೋಡಿ, ಇಲ್ಲೆಲ್ಲಾ ಇರಬೇಕಿತ್ತು."

"ವಯಸ್ಸಾತಲ್ರಿ ಅವ್ವಾ. ಬೀಳೂದೇ ಅದು."

"ಇಲ್ಲ ತಾತ. ವಯಸ್ಸಾಯ್ತು ಅಂತ ಹಲ್ಲು ಬೀಳಲ್ಲ. ಒಸಡಿಗೆ ಕಾಯಿಲೆ ಬಂದು ಬೀಳುತ್ತೆ. ಶುಗರ್ ಇರೋರಿಗೆ ಇನ್ನೂ ಬೇಗ. ನೀವು ಹಚ್ಚೋ ಆ ಪುಡಿ ನೋವು ಗೊತ್ತಾಗೋಕೇ ಬಿಟ್ಟಿಲ್ಲ. ಮೊದಲು ರಕ್ತ ಬಂತಲ್ಲ, ಆಗ ಬಂದಿದ್ರೆ ಕ್ಲೀನ್ ಮಾಡ್ಕೊಂಡು ಇಷ್ಟೂ ಹಲ್ಲು ಉಳಿಸ್ಕೋಬಹುದಿತ್ತು. ನಮ್ಮಜ್ಜಿಗೆ ಎಂಬತ್ತಾಯ್ತು, ಇನ್ನೂ ಕಡ್ಲೆಕಾಯಿ ತಿಂತಾರೆ."

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಮಾಸ್ತರನಿಗೆ ಸಾಸವಡದ ಬಿಸಿಲಿನಲ್ಲಿ ಆಗದ ನೋವು ಆ ತಣ್ಣನೆಯ ಕೋಣೆಯಲ್ಲಿ ಆಯಿತು. ಅಲ್ಲಿಯವರೆಗೆ ಅದು ಎಲ್ಲ ಮುದುಕರಿಗೂ ಬರುವ ಪಾಡಾಗಿತ್ತು, ಯಾರನ್ನೂ ದೂರುವಂತಿರಲಿಲ್ಲ. ಈಗ ಅದು ತಪ್ಪಿಸಬಹುದಾಗಿದ್ದ ಸಂಗತಿಯಾಯಿತು.

"ಮುಂದಿನವು ನಾಕು ಬಿಟ್ಟುಬಿಡ್ರಿ ಅವ್ವಾ. ಹಿಂದಿನವು ಎಲ್ಲಾ ತಗೀರಿ, ನಾ ಅಂಬಲಿ ಕುಡದು ಇರ್ತೀನಿ. ನಾ ಊದಾವ ಅದೀನಿ."

ಊದುವುದು ಅಂದರೇನೆಂದು ರಂಜಿನಿಗೆ ದೇವಾನಂದ ಬಿಡಿಸಿ ಹೇಳಬೇಕಾಯಿತು. ಅವಳು ತನ್ನ ಮೇಲಿನ ಡಾಕ್ಟರರನ್ನು ಕರೆದುಕೊಂಡು ಬಂದಳು. ಅವರು ಮರಾಠಿಯಲ್ಲಿ ಸಮಾಧಾನವಾಗಿ ಮಾತಾಡಿದರು. ಮೂಳೆಯೊಳಗೆ ತಿರುಪು ಕೂಡಿಸಿ ಹಲ್ಲು ಕಟ್ಟಲು ಮೂಳೆಯೂ ಸಾಲದು, ಸಕ್ಕರೆಯೂ ಬಿಡದು. ಮೇಲಿನ ಎರಡು ಕೋರೆಹಲ್ಲು ಮಾತ್ರ ಸ್ವಲ್ಪ ಗಟ್ಟಿ ಇವೆ. ಅವನ್ನು ಉಳಿಸಿ, ಅವಕ್ಕೆ ಕೊಕ್ಕೆ ಹಾಕಿ, ಮುಂದಿನ ಸಾಲು ಇರುವ ಒಂದು ಕಟ್ಟುಹಲ್ಲಿನ ಸೆಟ್ ಮಾಡಿಕೊಡಬಹುದು. ವಾದ್ಯದ ಮಾತು ಗೊತ್ತಿಲ್ಲ. ಸಕ್ಕರೆ ಹತೋಟಿಯಲ್ಲಿರಬೇಕು, ಮಿಶ್ರಿ ಬಿಡಬೇಕು, ಆಗಾಗ ಬಂದು ತೋರಿಸಬೇಕು.

ಮಾಸ್ತರ ಹೂಂ ಅಂದ. ಆ ಮಳೆಗಾಲವೆಲ್ಲ ಒಂದಾದ ಮೇಲೊಂದು ಹಲ್ಲು ತೆಗೆಸಿಕೊಂಡ. ಮಿಶ್ರಿಯನ್ನೂ ಬಿಟ್ಟ. ತಲೆ ಸಿಡಿಯುತ್ತಿತ್ತು, ಬೆಳಿಗ್ಗೆ ಹೊಟ್ಟೆ ಕಟ್ಟುತ್ತಿತ್ತು, ಸುಮ್ಮಸುಮ್ಮನೆ ಸೊಸೆಯ ಮೇಲೆ ರೇಗುತ್ತಿದ್ದ. ಸಪ್ನಾ ಒಂದು ಮೆತ್ತನೆಯ ಬ್ರಶ್ ತಂದುಕೊಟ್ಟಳು. ಉಳಿದ ಎರಡು ಹಲ್ಲುಗಳನ್ನು ಅವನು ಅದರಿಂದ ದಿನಕ್ಕೆ ಎರಡು ಸಲ, ದೇವರ ಸಾಮಾನು ತೊಳೆಯುವ ಹಾಗೆ ತೊಳೆಯುತ್ತಿದ್ದ.

"ಇಷ್ಟು ಜ್ವಾಕಿ ಮೊದಲ ಮಾಡಿದ್ರ" ಎಂದು ತಿಪ್ಪವ್ವ ಶುರು ಮಾಡುವುದು, ಅವನು ಬ್ರಶ್ ಬಾಯಲ್ಲಿಟ್ಟುಕೊಂಡೇ ಕೈ ಬೀಸಿ ಅವಳ ಮಾತು ನಿಲ್ಲಿಸುವುದು.

ಸೆಟ್ ಬಂದ ಮೇಲೆ ಕೆಲವು ವಾರ ಒಂದಿಷ್ಟು ಆಸೆಯಿತ್ತು. ದೇವಾನಂದ ಕೆಲಸ ಮಾಡುತ್ತಿದ್ದ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ವಾರದ ರಜೆಯ ದಿನ ಮಾಸ್ತರ ಅದರ ಮಾಳಿಗೆ ಹತ್ತಿ, ನೀರಿನ ಟಾಕಿಯ ನೆರಳಲ್ಲಿ ಕೂತು ಊದುತ್ತಿದ್ದ. ಕೊಕ್ಕಿನ ಮೇಲೆ ಊರಿದರೆ ಸೆಟ್ ಒಳಗೇ ಸರಿಯುತ್ತಿತ್ತು. ರೀಡನ್ನು ತೆಳ್ಳಗೆ ಹೆರೆದು ನೋಡಿದ. ಒತ್ತು ಕಡಿಮೆ ಬೇಕಾಯಿತು. ಕೆಳಗಿನ ಸ್ವರಗಳು ಬಂದವು. ಮೊದಲಿನ ತುಂಬು ದನಿಯಲ್ಲ, ಮೂಗಿನಲ್ಲಿ ಮಾತಾಡಿದಂಥ ಒಂದು ಒಣ ದನಿ. ಆದರೂ ಸ್ವರ. ಬುತ್ತಿ ಹೊತ್ತು ಬಂದ ತಿಪ್ಪವ್ವ ಮೆಟ್ಟಿಲ ಮೇಲೇ ನಿಂತು, ಅವನಿಗೆ ಕಾಣದ ಹಾಗೆ ಕೇಳಿಸಿಕೊಂಡಳು.

ಅವ್ವಣ್ಣ ಪಕ್ಕದ ಓಣಿಯ ಒಂದು ತೊಟ್ಟಿಲು ಕಾರ್ಯಕ್ಕೆ ಅವನನ್ನು ಕರೆದೊಯ್ದ. ಮೇಲಕ್ಕೆ ಹೋಗದ ಧಾಟಿಗಳನ್ನೇ ಆರಿಸಿಕೊಂಡು ಮಾಸ್ತರ ಎರಡು ಹಾಡು ನುಡಿಸಿದ. ಹೆಂಗಸರು ಮಗುವಿನ ಗಡಿಬಿಡಿಯಲ್ಲಿದ್ದರು. ಯಾರೂ ಮೆಚ್ಚಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಅವನಿಗೆ ಅಷ್ಟೇ ಸಾಕಾಗಿತ್ತು. ಮನೆಗೆ ಬಂದು, "ಇನ್ನೊಂದೀಟು ರೂಢಿ ಆಗಬೇಕು" ಅಂದ.

ಆದರೆ ಆ ಹಲ್ಲಿನಿಂದ ರೊಟ್ಟಿ ಕಡಿಯಲಾಗುತ್ತಿರಲಿಲ್ಲ. ಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಸೌತೆ, ಶೇಂಗಾ ಎಲ್ಲವೂ ತಟ್ಟೆಯಿಂದ ದೂರವಾದವು. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದರೂ ಜೋಳದ ನುಚ್ಚು ಸೆಟ್ಟಿನ ಅಡಿಗೆ ಹೋಗಿ ಒಸಡನ್ನು ಗೀರುತ್ತಿತ್ತು. ಕೊನೆಗೆ ಅವನು ಬ್ರೆಡ್ಡು, ಬಿಸ್ಕತ್ತು, ಬೇಕರಿಯ ಪದರುಪದರಾದ ಖಾರಿಯನ್ನು ಚಹಾದಲ್ಲಿ ಅದ್ದಿ ಹೊಟ್ಟೆ ತುಂಬಿಸಿಕೊಳ್ಳತೊಡಗಿದ. ದುಡಿದು ಬಂದವನಿಗೆ ಹಸಿವಂತೂ ತಡೆಯುವುದಿಲ್ಲವಲ್ಲ. ಗುಳಿಗೆ ತಪ್ಪದೆ ನುಂಗಿದರೂ ಸಕ್ಕರೆ ಏರಿತು. ಸಕ್ಕರೆ ಏರಿದಂತೆ, ಅಷ್ಟು ಜೋಪಾನ ಮಾಡಿದ ಕೋರೆಹಲ್ಲಿನ ಬುಡ ಬಾತಿತು. ಒಂದು ದಿನ ಮುಖದ ಎಡಭಾಗ ಊದಿ, ಕಣ್ಣು ಮುಚ್ಚಿಹೋಗಿ, ಜ್ವರದಲ್ಲಿ ಬಡಬಡಿಸುತ್ತಿದ್ದವನನ್ನು ಮಗ ರಿಕ್ಷಾದಲ್ಲಿ ಹಾಕಿಕೊಂಡು ಓಡಿದ.

ಕೀವು ತೆಗೆದು, ಜ್ವರ ಇಳಿಸಿದ ಮೇಲೆ ರಂಜಿನಿ ಆ ಎರಡನ್ನೂ ತೆಗೆದಳು. ಎರಡನೆಯದು ಬೆರಳು ತಾಗಿದರೆ ಬರುವಷ್ಟು ಸಡಿಲಾಗಿತ್ತು.

"ನಾ ಏನೂ ತಪ್ಪು ಮಾಡ್ಲಿಲ್ರಿ ಅವ್ವಾ ಈ ಸಲ" ಎಂದು ಮಾಸ್ತರ ಅಂದ. ಬಾಯಲ್ಲಿ ಹತ್ತಿಯಿದ್ದುದರಿಂದ ಅವಳು ಮತ್ತೊಮ್ಮೆ ಹೇಳಿಸಿಕೊಳ್ಳಬೇಕಾಯಿತು.

"ಗೊತ್ತು ತಾತ" ಅಂದಳು. "ತುಂಬಾ ತಡ ಆಗಿತ್ತು, ಅಷ್ಟೇ."

ಒಸಡು ಮಾಯ್ದ ಮೇಲೆ ಪೂರ್ತಿ ಸೆಟ್ ಮಾಡಿದರು. ಬಿಳಿಬಿಳಿಯಾದ ಸಾಲು ಹಲ್ಲು. ಕನ್ನಡಿಯಲ್ಲಿ ಯಾರೋ ಬೇರೆಯವನು ನಕ್ಕ ಹಾಗೆ ಕಾಣುತ್ತಿತ್ತು. ಮಲಗುವಾಗ ತೆಗೆದು ನೀರಲ್ಲಿಡಬೇಕು, ದಿನಾ ಬ್ರಶ್ಶಿನಿಂದ ತೊಳೆಯಬೇಕು, ಬಾಯಲ್ಲಿ ಹುಣ್ಣಾದರೆ ಬಂದು ತೋರಿಸಬೇಕು ಎಂದು ರಂಜಿನಿ ನಿಧಾನವಾಗಿ ತಿಳಿಸಿದಳು. ಕೆಳದವಡೆಯ ಮೂಳೆ ಸವೆದು ಚಪ್ಪಟೆಯಾಗಿದ್ದರಿಂದ ಕೆಳಗಿನ ಸೆಟ್ ನೀರಿನ ಮೇಲಿನ ಎಲೆಯಂತೆ ತೇಲುತ್ತಿತ್ತು. "ಸ್ವಲ್ಪ ದಿನ ಹಾಗೇ ಇರುತ್ತೆ. ಒಂದ್ಸಲ ನಿಮ್ಮ ಕ್ಲಾರಿನೆಟ್ ತಗೊಂಡ್ ಬನ್ನಿ ತಾತ, ನೋಡೋಣ" ಅಂದಳು.

ಮುಂದಿನ ಸಲ ಅವನು ವಾದ್ಯವನ್ನು ಅರಿವೆಯಲ್ಲಿ ಸುತ್ತಿ ತಂದ. ಮಧ್ಯಾಹ್ನ ರೋಗಿಗಳು ಕಡಿಮೆಯಾದಾಗ ಅವಳು ಅವನನ್ನು ಕಿಟಕಿಯ ಹತ್ತಿರ ಕೂರಿಸಿದಳು. ಜೊತೆಯ ಹುಡುಗ ಹುಡುಗಿಯರೂ ಸುತ್ತ ನಿಂತರು. ಮಾಸ್ತರ ಕೊಕ್ಕನ್ನು ಬಾಯಿಗಿಟ್ಟು ಉಸಿರು ತುಂಬಿದ. ಕೆನ್ನೆಯಲ್ಲಿ ಗಾಳಿ ತುಂಬುತ್ತಿದ್ದಂತೆ ಮೇಲಿನ ಸೆಟ್ ಅಂಗುಳ ಬಿಟ್ಟು ಎದ್ದು, ಕೊಕ್ಕಿಗೆ ಬಡಿದು ಕಟಕ್ ಎಂದಿತು. ರಂಜಿನಿ ಅಂಟಿಸುವ ಪುಡಿ ಹಾಕಿ ಮತ್ತೆ ಕೂಡಿಸಿದಳು. ಒಂದು ಸ್ವರ ಬಂತು, ಅದರ ಹಿಂದೆ ಇನ್ನೊಂದು. ಹುಡುಗರು ಚಪ್ಪಾಳೆ ತಟ್ಟುವಷ್ಟರಲ್ಲಿ ಜೊಲ್ಲು ತುಂಬಿ ಪುಡಿ ಕರಗಿ, ಸೆಟ್ ಜಾರಿ ವಾದ್ಯದ ಜೊತೆಗೇ ಈಚೆ ಬಂತು. ಅವನು ಸೆಟ್ಟನ್ನು ಬದಿಗಿಟ್ಟು ಬರೀ ಒಸಡಿನಿಂದ ಹಿಡಿದು ನೋಡಿದ. ತುಟಿಗಳು ಒಳಗೆ ಮಡಚಿಕೊಂಡು, ಸೈಕಲ್ಲಿನ ಗಾಳಿ ಬಿಟ್ಟಂತೆ ಸುಯ್ ಎಂದಿತು. ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಏನು ಮಾಡಬೇಕೆಂದು ಆ ಮಕ್ಕಳಿಗೆ ತಿಳಿಯಲಿಲ್ಲ.

"ಸಾರಿ ತಾತ" ಅಂದಳು ರಂಜಿನಿ. "ಊಟಕ್ಕೆ, ಮಾತಿಗೆ ಹೇಗೋ ಆಗುತ್ತೆ. ಇದಕ್ಕೆ ಆಗಲ್ಲ ಅನ್ಸುತ್ತೆ."

"ನೀ ಮಾಡೂದೆಲ್ಲಾ ಮಾಡಿದಿ ಮಗಳ" ಎಂದು ಅವನು ವಾದ್ಯವನ್ನು ಒರೆಸಿ ಸುತ್ತಿಟ್ಟ. ಕೆಲವು ತಿಂಗಳಲ್ಲಿ ಅವಳ ವರ್ಷವೂ ಮುಗಿದು, ಅವಳು ಊರಿಗೆ ಹೋದಳು. ಆಮೇಲೆ ಬಂದ ಹೊಸ ಹುಡುಗನಿಗೆ ಮಾಸ್ತರನ ತೊದಲು ಮರಾಠಿ ಅರ್ಥವಾಗಲಿಲ್ಲ. ಸೆಟ್ ಬಾಯೊಳಗಿದ್ದರೆ ಮಾತು ಜಾರುತ್ತಿತ್ತು, ತೆಗೆದರೆ ಸೋರುತ್ತಿತ್ತು.

ಮರುವರ್ಷ ದಸರಾ ಮುಗಿದು ಲಗ್ನದ ಮಾತುಕತೆ ಶುರುವಾದಾಗ ಅವ್ವಣ್ಣ ಮನೆಗೆ ಬಂದ. ಹೊಸಿಲ ಹೊರಗೇ ಕೂತು, ಚಹಾ ಕುಡಿದು ಮುಗಿದರೂ ಕಪ್ಪನ್ನು ಕೆಳಗಿಡಲಿಲ್ಲ.

"ಮಾಸ್ತರ, ನಾ ಒಂದು ಮಾತು ಹೇಳ್ಲೇನು?"

"ಹೇಳು. ನಂಗ ಗೊತ್ತದ, ಆದ್ರೂ ಹೇಳು."

"ಓಂಕಾರ್ ಅಂತ ಒಂದು ಹುಡುಗ, ಬೆಂಜೊ ಬಾರಿಸ್ತಾನ, ಗುಂಡಿ ಒತ್ತಿ ತಂತಿ ಮೀಟೂದು. ಈಗ ಎಲ್ಲಾರೂ ಬೆಂಜೊನೇ ಕೇಳಾಕತ್ತಾರ. ಮಶೀನಿಗಿ ಹಚ್ಚಿದ್ರ ಹತ್ತು ಓಣಿಗಿ ಕೇಳ್ತದ. ಅವನ್ನ ಮುಂದ ನಿಂದ್ರಿಸ್ಬೇಕಂತ ಬ್ಯಾಂಡಿನ ಮಾಲಕರು ಅನ್ಲಾಕತ್ತಾರ."

"ಚಲೋ ಆತು."

"ನೀ ಝಾಂಜ ಹಿಡಕೊಂಡು ಬಾ ಮಾಸ್ತರ. ಕೋಟು ಹಂಗೇ ಇರ್ತದ."

ಅವನು ಹೋದ. ಒಂದು ಮೆರವಣಿಗೆಯಲ್ಲಿ ಎರಡು ತಾಳದ ತಟ್ಟೆ ಹಿಡಿದು, ಸಾಲಿನ ಕೊನೆಯಲ್ಲಿ ನಡೆದ. ಗುರುತಿದ್ದ ಮನೆಯವರೇ ಆಗಿದ್ದರು. ಮುದುಕಿಯೊಬ್ಬಳು ಕಟ್ಟೆಯ ಮೇಲಿಂದ ಕೂಗಿ, "ಮಾಸ್ತರ, ನಮ್ಮ ಮಗನ ಲಗ್ನದಾಗ ನುಡಿಸಿದ್ಯಲ್ಲ, ಅದು ನುಡಿಸು" ಅಂದಳು. ಅವನು ತಾಳವನ್ನು ಎದೆಯ ಹತ್ತಿರ ಹಿಡಿದುಕೊಂಡು ನಿಂತ. ಬೆಂಜೊ ಮುಂದೆ ಹೋಯಿತು, ಅವನ ಹಿಂದೆ ಯಾರೂ ಇರಲಿಲ್ಲ. ಮರುದಿನ ಸಪ್ನಾಳ ಕೈಯಲ್ಲಿ ಕೋಟನ್ನು ಒಗೆಸಿ, ಮಡಚಿ, ಅವ್ವಣ್ಣನಿಗೆ ಕೊಟ್ಟು ಬಂದ.

ಈ ನಡುವೆ ಅವನು ಒಂದು ಕೆಲಸವನ್ನು ಮಾತ್ರ ಮನಸ್ಸಿಟ್ಟು ಮಾಡಿದ್ದ. ತಿಪ್ಪವ್ವನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋಗಿ ಹಲ್ಲು ಸ್ವಚ್ಛ ಮಾಡಿಸಿದ. "ನಿಂದು ಇನ್ನೂ ಉಳೀತಾವ" ಅಂದ. ಅವಳು ಎರಡು ವಾರ ಮಿಶ್ರಿ ಮುಟ್ಟಲಿಲ್ಲ. ಮೂರನೆಯ ವಾರ ಸೈಟಿನಲ್ಲಿ ಮಣ್ಣು ಹೊರುವ ಕೆಲಸ. ತಲೆ ಸುತ್ತಿ ಬುಟ್ಟಿ ಬೀಳಿಸಿದಳು. ಜೊತೆಯವಳು ತನ್ನ ಡಬ್ಬಿ ತೆಗೆದುಕೊಟ್ಟಳು.

"ಬಿಡ್ಲಾಕ ಆಗವಲ್ದು ನಂಗ" ಎಂದು ಅವಳು ಮನೆಗೆ ಬಂದು ಹೇಳಿದಳು. "ಬಿಟ್ರ ದುಡ್ಯಾಕ ಆಗೂದಿಲ್ಲ. ಹ್ವಾದ್ರ ಹೋಗ್ಲಿ. ನಾ ಏನು ಊದ್ತೀನೇನು?"



ವೈಶಾಖದಲ್ಲಿ ಊರಿನಿಂದ ಫೋನು ಬಂತು. ಅವನ ಅಕ್ಕ ಮರೆಮ್ಮನ ಮೊಮ್ಮಗನ ಮದುವೆ. "ಪುಣೇದಿಂದ ನಮ್ಮ ತಮ್ಮ ಬರ್ತಾನ, ಬ್ಯಾಂಡ್ ಯಾಕ ಬೇಕು ಅಂತ ಎಲ್ಲಾರಿಗೂ ಹೇಳೀನಿ. ವಾದ್ಯ ತರೂದು ಮರೀಬ್ಯಾಡ" ಅಂದಳು. ಮಾಸ್ತರ ಹೂಂ ಅಂದುಬಿಟ್ಟ. ಫೋನಿನಲ್ಲಿ ಅವನ ಮಾತು ಸೋರುವುದನ್ನು ಅಕ್ಕ ನೆಟ್‌ವರ್ಕಿನ ದೋಷ ಎಂದುಕೊಂಡಳು.

"ಹೇಳಿಬಿಡಬೇಕಿತ್ತು" ಅಂದಳು ತಿಪ್ಪವ್ವ.

"ಏನಂತ ಹೇಳ್ಲಿ?"

ಇಬ್ಬರೂ ರೈಲು ಹತ್ತಿ ಹೋದರು. ಮರೆಮ್ಮ ತಮ್ಮನನ್ನು ಅಪ್ಪಿಕೊಂಡು, ಗಲ್ಲ ಹಿಡಿದು ಮುಖ ನೋಡಿದಳು. ಅವಳ ಬಾಯಲ್ಲೂ ಒಂದು ಹಲ್ಲಿರಲಿಲ್ಲ. ಮಾಸ್ತರ ಸೆಟ್ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಅವಳಿಗೆ ನಗು ತಡೆಯಲಿಲ್ಲ. "ಅಯ್ಯ ನನ್ನಪ್ಪಾ! ನಾನೂ ಬೊಚ್ಚಬಾಯಿ, ನೀನೂ ಬೊಚ್ಚಬಾಯಿ! ವಯಸ್ಸಾದ ಮ್ಯಾಲ ಯಾರಿಗಿ ಇರ್ತಾವ? ಅದಕ್ಯಾಕ ಮುಖ ಸಣ್ಣದು ಮಾಡ್ತಿ?"

"ಊದ್ಲಾಕ ಆಗೂದಿಲ್ಲಕ್ಕ."

"ಹಲ್ಲಿಲೆ ಊದ್ತಾರೇನು? ಉಸುರು ಅದ ಅಲ್ಲ?"

ಮದುಮಕ್ಕಳ ತಲೆಗೆ ಅಕ್ಕಿಕಾಳು ಬಿದ್ದ ಮೇಲೆ ಜನ ಅವನನ್ನು ನಡುವೆ ಕೂರಿಸಿ, ಕ್ಲಾರಿನೆಟ್ಟನ್ನು ಕೈಗಿತ್ತರು. ಅಪ್ಪನ ಕಾಲದ ಇಬ್ಬರು ಮುದುಕರು ಕೋಲೂರಿಕೊಂಡು ಬಂದು ಎದುರಿಗೇ ಕೂತರು. ಮಾಸ್ತರ ಸೆಟ್ ಬಿಗಿಯಾಗಿ ಕಚ್ಚಿ, ಕೆನ್ನೆ ತುಂಬಿಸದೆ, ಗಂಟಲಿನಿಂದಲೇ ಉಸಿರು ತಳ್ಳಿ ನೋಡಿದ. ಕಿರುಚು, ಆಮೇಲೆ ಗಾಳಿ, ಆಮೇಲೆ ಮತ್ತೊಂದು ಕಿರುಚು. ಹಿಂದೆ ನಿಂತ ಮಕ್ಕಳು ಬಿದ್ದು ಬಿದ್ದು ನಕ್ಕರು. ಮುದುಕರಲ್ಲೊಬ್ಬ, "ಹೊಸಾ ಧಾಟಿ ಇರಬೇಕು, ಪುಣೇದ್ದು" ಅಂದ. ಮರೆಮ್ಮ ನಗಲಿಲ್ಲ. ಎದ್ದು ಬಂದು ತಮ್ಮನ ಕೈಯಿಂದ ವಾದ್ಯವನ್ನು ತೆಗೆದುಕೊಂಡು, "ದಣದಾನ ಅಂವಾ, ದೂರದ ದಾರಿ ಬಂದಾನ" ಎಂದು ಒಳಗೆ ಹೋದಳು. ಯಾರೋ ಟ್ರಾಕ್ಟರಿನ ಟೇಪು ಹಚ್ಚಿದರು.

ಊಟಕ್ಕೆ ಹುಗ್ಗಿ ಮೆತ್ತಗಿತ್ತು. ಅವನು ಅದನ್ನೂ ಪೂರ್ತಿ ತಿನ್ನಲಿಲ್ಲ.

ಹೊರಡುವ ದಿನ ಅವನು ಕ್ಲಾರಿನೆಟ್ಟನ್ನು ಅಕ್ಕನ ಮನೆಯ ಗೂಟಕ್ಕೆ ತೂಗುಹಾಕಿದ. "ಇಲ್ಲಿ ಯಾರಿಗಿ ಬರ್ತದಪ್ಪ? ತಗೊಂಡು ಹೋಗು" ಎಂದು ಮರೆಮ್ಮ ಅಂದಳು. "ಅಲ್ಲಿಯೂ ಯಾರಿಗೂ ಬರೂದಿಲ್ಲ" ಅಂದ.

ಮರಳುವಾಗ ದೌಂಡ ಸ್ಟೇಷನ್ನಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ತಿಪ್ಪವ್ವ ಎರಡು ಚಹಾ ತಂದು, ಬಿಸ್ಕತ್ತಿನ ಪುಡಿಕೆ ಬಿಚ್ಚಿದಳು.

"ಕೊಂಢವಾಕ್ಕ ಹ್ವಾದ ಮ್ಯಾಲ ದವಾಖಾನಿಗಿ ಹೋಗಮು. ಕೆಳಗಿನ ಸೆಟ್ ಬಿಗಿ ಮಾಡ್ತಾರಂತ."

"ಬಿಗಿ ಮಾಡಿಸ್ಕೊಂಡು?"

"ಉಣ್ಲಾಕರೆ ಬೇಕಲ್ಲ" ಎಂದು ಕಿಟಕಿಯ ಕಡೆ ನೋಡಿ ಹೇಳಿದಳು.

ಮಾಸ್ತರ ಈಗಲೂ ಕೊಂಢವಾದಲ್ಲೇ ಇದ್ದಾನೆ. ಕಟ್ಟಡದ ಕೆಲಸ ಬಿಟ್ಟಿದ್ದಾನೆ, ಮೈ ಒಣಗಿದೆ. ಆಸ್ಪತ್ರೆಗೆ ಅವನು ಮತ್ತೆ ಹೋಗಲಿಲ್ಲ. ಕೆಳಗಿನ ಸೆಟ್ ಒತ್ತಿ ಹುಣ್ಣಾದ ಮೇಲೆ ಅದನ್ನು ಹಾಕುವುದನ್ನೇ ಬಿಟ್ಟ. ಮೇಲಿನದನ್ನು ಯಾರಾದರೂ ಬಂದಾಗ ಮಾತ್ರ ಹಾಕುತ್ತಾನೆ. ಮಾತು ಬಹಳ ಕಡಿಮೆ. ಕೇಳಿದವರು ಮತ್ತೆ ಮತ್ತೆ ಏನು ಏನು ಎನ್ನುವುದು ಅವನಿಗೆ ಸೇರುವುದಿಲ್ಲ. ಲಗ್ನದ ದಿನಗಳಲ್ಲಿ ಗಲ್ಲಿಯ ತಿರುವಿನಲ್ಲಿ ಬೆಂಜೊ ಶುರುವಾದರೆ, ಸಪ್ನಾ ಎದ್ದು ಹೋಗಿ ಬಾಗಿಲು ಮುಂದೆ ಮಾಡುತ್ತಾಳೆ.